ಇಂದಿನ ಧಮ್ಮ ಚಿಂತನ: ಮನಸ್ಸಿನ ಗುಳಿಗೆ ಮತ್ತು ಐದನೆಯ ಶೀಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಧಮ್ಮಬಂಧುಗಳೇ,

ಈ ಸಲ ಚಿಂತನ ಬರೆಯುವ ಪಾಳಿ ನನ್ನದು. ಐದನೆಯ ಶೀಲದ ಬಗ್ಗೆ ಬರೆಯಿರಿ ಎಂದು ಬಳಗದ ಹಿರಿಯರು ಹೇಳಿದರು. ಕುಡಿತದ ಬಗ್ಗೆ ಈ ಗುಂಪಿನಲ್ಲಿ ಬಹಳ ಸಲ ಬಂದಿದೆ, ಬರಬೇಕಾದದ್ದೇ. ಸಾರಾಯಿ ನಮ್ಮ ಓಣಿಗಳಲ್ಲಿ ಎಷ್ಟು ಮನೆ ತೆಗೆದಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಹದಿನೇಳನೆಯದು ಅದೇ. ನಾನು ಅದೇ ಶೀಲದ ಇನ್ನೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಕಳೆದ ವರ್ಷ ಅದು ನನ್ನ ಎದುರಿಗೇ ಬಂದು ಕೂತಿತ್ತು. ಮನಸ್ಸು ಕುಗ್ಗಿದಾಗ ಡಾಕ್ಟರು ಕೊಡುವ ಗುಳಿಗೆ ತೆಗೆದುಕೊಂಡರೆ ಶೀಲ ಮುರಿಯುತ್ತದೆಯೇ?

ನನಗೆ ಸ್ತನ ಕ್ಯಾನ್ಸರ್ ಆದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. (ನಮ್ಮ ಕಡೆ ಆ ಹೆಸರು ಹೇಳುವುದಿಲ್ಲ, "ಗಂಟು" ಎಂದು ದನಿ ತಗ್ಗಿಸುತ್ತಾರೆ. ನಾನು ಹೆಸರು ಹಿಡಿದೇ ಬರೆಯುತ್ತೇನೆ.) ಬೆಳಗಾವಿಯಲ್ಲಿ ಆಪರೇಷನ್ ಆಯಿತು, ಕಿಮೋ ಆಯಿತು, ರೇಡಿಯೇಷನ್ ಆಯಿತು. ಅಲ್ಲಿಯವರೆಗೆ ನಾನು ಗಟ್ಟಿಯಾಗಿಯೇ ಇದ್ದೆ. ಜನ ಬರುತ್ತಿದ್ದರು, ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು, ತಲೆಗೂದಲು ಹೋದಾಗ ನಮ್ಮ ಎಂಟನೇ ಇಯತ್ತೆಯ ಹುಡುಗಿಯರು ತಾವೇ ಹೊಲಿದ ಟೊಪ್ಪಿಗೆ ಕೊಟ್ಟರು. ಎಲ್ಲ ಮುಗಿದು ಕೂದಲು ಬಂದು ಮತ್ತೆ ಸಾಲಿಗೆ ಹೋಗತೊಡಗಿದ ಮೇಲೆ ನಾನು ಕುಸಿದೆ. ಆಗ ನೋಡಲು ಬರುವವರೂ ಇರಲಿಲ್ಲ. ಆರಾಮ ಆದಳಲ್ಲ ಎಂದು ಎಲ್ಲರೂ ನಿಶ್ಚಿಂತರಾಗಿದ್ದರು.

ಆ ಹೊತ್ತಿಗೆ ನನಗೆ ಉಳಿದಿದ್ದ ಔಷಧ ಒಂದೇ, ದಿನಕ್ಕೆ 20 ಮಿಲಿಗ್ರಾಂನ ಟ್ಯಾಮೊಕ್ಸಿಫೆನ್ ಗುಳಿಗೆ. ಕನಿಷ್ಠ 5 ವರ್ಷ, ಕೆಲವರಿಗೆ 10 ವರ್ಷ. ನನ್ನಂಥ ಕ್ಯಾನ್ಸರಿನ ಜೀವಕೋಶಗಳು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಉಂಡು ಬೆಳೆಯುತ್ತವೆ. ಈ ಗುಳಿಗೆ ಆ ಜೀವಕೋಶದ ಬಾಗಿಲಲ್ಲಿ ತಾನೇ ಹೋಗಿ ಕೂತು ಈಸ್ಟ್ರೋಜನ್ ಒಳಗೆ ಬರದಂತೆ ತಡೆಯುತ್ತದೆ. 5 ವರ್ಷ ಬಿಡದೆ ತೆಗೆದುಕೊಂಡವರಲ್ಲಿ ಈ ರೋಗದಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಅಗ್ಗದ, ಸಣ್ಣ ಗುಳಿಗೆ. ಆದರೆ ಮೈಗೆ ಹೊತ್ತಲ್ಲದ ಹೊತ್ತಿನಲ್ಲಿ ಮುಟ್ಟು ನಿಲ್ಲುವ ಕಾಲ ಬಂದಂತೆ ಆಗುತ್ತದೆ. ಹಳಗನ್ನಡ ಪದ್ಯ ಹೇಳಿಕೊಡುತ್ತ ನಿಂತಾಗ ಎದೆಯಿಂದ ಬೆಂಕಿ ಎದ್ದು ಮುಖಕ್ಕೆ ಬಂದು, ಸೀರೆ ತೊಯ್ದು, ಮುಂದಿನ ಸಾಲು ಮರೆತು ಹೋಗುತ್ತಿತ್ತು. ರಾತ್ರಿ ನಾಲ್ಕೈದು ಸಲ ಅದೇ. ನಿದ್ದೆ ಇಲ್ಲ. ನಾಲ್ಕು ತಿಂಗಳಲ್ಲಿ ನಾನು ಊಟ ಬಿಟ್ಟೆ, ಮಾತು ಬಿಟ್ಟೆ, ವಂದನೆಗೆ ಬರುವುದನ್ನೂ ಬಿಟ್ಟೆ.

ಕೇಳಿದವರಿಗೆ "ಯಾಕೋ ಬ್ಯಾಸರ" ಎನ್ನುತ್ತಿದ್ದೆ. ನಮ್ಮ ಈ ಮಾತು ಭಾಳ ಮೋಸದ್ದು. ಬಸ್ ತಪ್ಪಿದರೂ ಬ್ಯಾಸರ, ಗಂಡ ಸತ್ತರೂ ಬ್ಯಾಸರ. ರೋಗವೊಂದು ಆ ಮಾತಿನ ಹಿಂದೆ ಅಡಗಿ ಕೂತರೆ ಯಾರಿಗೂ ಕಾಣುವುದಿಲ್ಲ. ತಪಾಸಣೆಗೆ ಬೆಳಗಾವಿಗೆ ಹೋಗುವಾಗ ಬಸ್ಸು ಎಂ.ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭಾ ಸೇತುವೆ ದಾಟುತ್ತದೆ. ಒಂದು ದಿನ ಆ ನೀರು ನೋಡಿ ನನಗೆ ಬಂದ ವಿಚಾರವನ್ನು ಬರೆಯುವುದಿಲ್ಲ. ಬಂದಿತ್ತು ಎಂದಷ್ಟೇ ಹೇಳುತ್ತೇನೆ, ಏಕೆಂದರೆ ಇದನ್ನು ಓದುವ ಯಾರೋ ಒಬ್ಬ ಅಕ್ಕನಿಗೋ ತಮ್ಮನಿಗೋ ಅದು ಬಂದಿರಬಹುದು.

ನಮ್ಮವ್ವ ಸವದತ್ತಿ ತಾಲೂಕಿನವಳು. ದೀಕ್ಷೆ ತೆಗೆದುಕೊಂಡಿಲ್ಲ, ಇವತ್ತಿಗೂ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುತ್ತಾಳೆ. ನನ್ನ ಸ್ಥಿತಿ ನೋಡಿ ಅವಳು ಅಂದದ್ದು, "ಎಲ್ಲಮ್ಮನ್ನ ಬಿಟ್ಟಿ, ಅದಕ್ಕ ಹಿಂಗಾತು. ಹಿಂದ ಏನ್ ಮಾಡಿದ್ವೋ ಏನೋ ಯವ್ವಾ." ಅವಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಆ ಗುಡ್ಡದಲ್ಲಿ ಮುತ್ತು ಕಟ್ಟಿದ್ದು, 1982ರಲ್ಲಿ ಅದನ್ನು ನಿಷೇಧಿಸಲು ಕಾನೂನೇ ಬರಬೇಕಾದದ್ದು ಅವಳಿಗೂ ಗೊತ್ತು. ಆದರೂ ಭಯ ಬಿಟ್ಟಿಲ್ಲ.

ಇನ್ನೊಂದು ಕಡೆ, ನಾನು ತುಂಬ ಗೌರವಿಸುವ ಒಬ್ಬ ಹಿರಿಯ ಉಪಾಸಕರು ಮನೆಗೆ ಬಂದು ಹೇಳಿದರು: "ಅಕ್ಕೋರ, ಮನಸ್ಸಿನ ಗುಳಿಗಿ ಅಂದ್ರ ಅಮಲಿನ ಗುಳಿಗಿನೇ. ಶೀಲ ಹಿಡದವರು ಮುಟ್ಟಬಾರದು. ಆನಾಪಾನ ಮಾಡ್ರಿ. ಧಮ್ಮ ತಿಳಿದವರಿಗೆ ಮನಸ್ಸು ಯಾಕ ಕುಗ್ಗತೈತಿ?"

ಆನಾಪಾನ ಮಾಡಿದೆ. ಆರು ವಾರ, ಬೆಳಗಿನ ನಾಲ್ಕಕ್ಕೆ, ಹೇಗೂ ಎಚ್ಚರವೇ ಇರುತ್ತಿದ್ದೆನಲ್ಲ. ಉಸಿರು ನೋಡಲು ಕೂತರೆ ಉಸಿರು ಕಾಣುತ್ತಿರಲಿಲ್ಲ. ಮಗಳ ಮದುವೆ, ನನ್ನ ಹೆಣ, ಮತ್ತೆ ಮಗಳ ಮದುವೆ, ಇದೇ ಗಾಣ ತಿರುಗುತ್ತಿತ್ತು. ಎದ್ದ ಮೇಲೆ ಮೊದಲಿಗಿಂತ ಕೆಟ್ಟದಾಗಿ ಅನಿಸುತ್ತಿತ್ತು, ಜೊತೆಗೆ "ನಾನು ಸರಿಯಾದ ಬೌದ್ಧಳಲ್ಲ" ಎಂಬ ಹೊಸ ಮುಳ್ಳು. ಧ್ಯಾನವನ್ನು ನಾನು ಹೀಗಳೆಯುತ್ತಿಲ್ಲ. ಗೋಯೆಂಕಾಜಿಯವರ ಪರಂಪರೆಯ ಹತ್ತು ದಿನದ ವಿಪಸ್ಸನಾ ಶಿಬಿರದ ನಿಯಮಗಳಲ್ಲೇ, ಧ್ಯಾನವು ವೈದ್ಯಕೀಯ ಅಥವಾ ಮನೋವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅದನ್ನು ನಾನು ಆಮೇಲೆ ಓದಿದೆ.

ಅವ್ವ ಮತ್ತು ಆ ಹಿರಿಯರು ಒಂದೇ ಪಂಕ್ತಿಯಲ್ಲಿ ಕೂಡುವವರಲ್ಲ. ಆದರೂ ಇಬ್ಬರೂ ಹೇಳಿದ್ದು ಒಂದೇ ಮಾತು, ತಪ್ಪು ನಿನ್ನದು. ಒಬ್ಬರು ದೇವಿಯ ಲೆಕ್ಕದಲ್ಲಿ ಹೇಳಿದರು, ಇನ್ನೊಬ್ಬರು ಧಮ್ಮದ ಲೆಕ್ಕದಲ್ಲಿ.

ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕನ ಪ್ರಸಂಗ ಬರುತ್ತದೆ. ಅವನು ರಾಜಗೃಹದ ವೇಳುವನಕ್ಕೆ ಬಂದು ಬುದ್ಧರನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎಂದು ಕೆಲವರು ಹೇಳುತ್ತಾರಲ್ಲ, ನೀವೇನನ್ನುತ್ತೀರಿ? ಬುದ್ಧರು ಒಪ್ಪುವುದಿಲ್ಲ. ಪಿತ್ತದಿಂದ ಬರುವ ನೋವಿದೆ, ಕಫದಿಂದ ಬರುವುದಿದೆ, ವಾತದಿಂದ, ಮೂರೂ ಕೂಡಿ ಕೆಟ್ಟದ್ದರಿಂದ, ಋತು ಬದಲಾದದ್ದರಿಂದ, ಮೈಯನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ, ಹೊರಗಿನ ಪೆಟ್ಟಿನಿಂದ ಬರುವುದಿದೆ ಎಂದು ಎಣಿಸುತ್ತಾರೆ. ಎಂಟು ಕಾರಣಗಳಲ್ಲಿ ಕರ್ಮ ಒಂದು ಮಾತ್ರ. ಎಲ್ಲವನ್ನೂ ಅದರ ತಲೆಗೆ ಕಟ್ಟುವವರು ತಾವೇ ಕಂಡು ಬಲ್ಲದ್ದನ್ನೂ, ಲೋಕ ಸತ್ಯವೆಂದು ಒಪ್ಪಿದ್ದನ್ನೂ ಮೀರಿ ಹೋಗುತ್ತಾರೆ ಎನ್ನುತ್ತಾರೆ. ಹಿಂದಿನ ಜನ್ಮದ ಕರ್ಮ ಎಂಬ ಮಾತು ಬಡವರನ್ನೂ ರೋಗಿಗಳನ್ನೂ ಬಾಯಿ ಮುಚ್ಚಿಸುವ ಸಾಧನ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅದನ್ನು ಯಾಕೆ ಬಿಡಿಸಿ ಬಿಡಿಸಿ ವಿಚಾರಿಸಿದರು ಎಂಬುದು ನನಗೆ ಹಾಸಿಗೆಯಲ್ಲಿ ಬಿದ್ದಾಗ ತಿಳಿಯಿತು, ತರಗತಿಯಲ್ಲಿ ತಿಳಿದಿರಲಿಲ್ಲ. ನನ್ನ ಮನಸ್ಸಿಗೆ ಆದದ್ದಕ್ಕೆ ಕಾರಣಗಳು ಕಣ್ಣೆದುರಿಗೇ ಇದ್ದವು: ಹಾರ್ಮೋನಿನ ತಡೆ, ತಿಂಗಳುಗಟ್ಟಲೆ ನಿದ್ದೆಗೇಡು, ಸಾವಿನ ಭಯ.

ಇಷ್ಟು ತಿಳಿದೂ ಐದನೆಯ ಶೀಲದ ಅಳುಕು ಹೋಗಲಿಲ್ಲ. ಆ ಅಳುಕಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಯಾರಿಗೂ ಹೇಳದೆ, ಡಾಕ್ಟರ ಚೀಟಿಯೂ ಇಲ್ಲದೆ, ಒಂದು ಔಷಧ ಅಂಗಡಿಯಲ್ಲಿ "ನಿದ್ದಿಗೆ, ಮನಸ್ಸಿಗೆ ಏನಾರ ಕೊಡ್ರಿ" ಎಂದು ಕೇಳಿದೆ. ಕೊಟ್ಟರು. ಹನ್ನೊಂದು ದಿನ ಬಚ್ಚಲಕೋಣೆಯಲ್ಲಿ ನುಂಗಿದೆ. ಸ್ಟ್ರಿಪ್ಪನ್ನು ಉತ್ತರಪತ್ರಿಕೆಗಳ ಕಟ್ಟಿನಲ್ಲಿ ಬಚ್ಚಿಟ್ಟೆ. ತಪಾಸಣೆಯ ದಿನ ಬೆಳಗಾವಿಯ ಕ್ಯಾನ್ಸರ್ ಡಾಕ್ಟರು ಎಂದಿನಂತೆ, ಬೇರೆ ಏನಾದರೂ ಔಷಧ ತಗೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ನಾಲ್ಕನೆಯ ಶೀಲವೂ ಹೋಯಿತು. ಬಾಗಿಲವರೆಗೆ ಹೋಗಿ ತಿರುಗಿ ಬಂದು ಚೀಲದಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟೆ.

ಅದು ಫ್ಲುಯಾಕ್ಸೆಟಿನ್. ಖಿನ್ನತೆಗೆ ಕೊಡುವ ಹಳೆಯ, ಒಳ್ಳೆಯ ಔಷಧವೇ. ಆದರೆ ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುವವರಿಗಲ್ಲ. ಅವರು ವಿವರಿಸಿದ್ದನ್ನು ನಾನು ನಮ್ಮ ಮಕ್ಕಳಿಗೆ ಹೇಳುವಂತೆ ಹೇಳುತ್ತೇನೆ. ಜೋಳವನ್ನು ಹಾಗೇ ತಿನ್ನುವುದಿಲ್ಲ, ಗಿರಣಿಗೆ ಹಾಕಿಸಿ ಹಿಟ್ಟು ಮಾಡಬೇಕು. ಟ್ಯಾಮೊಕ್ಸಿಫೆನ್ ಕೂಡ ಜೋಳದ ಹಾಗೆ. ನಮ್ಮ ಪಿತ್ತಜನಕಾಂಗದಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವವೇ ಗಿರಣಿ. ಅದು ಬೀಸಿ ಎಂಡಾಕ್ಸಿಫೆನ್ ಎಂಬ ಹಿಟ್ಟು ಮಾಡಿದರೇನೇ ಕ್ಯಾನ್ಸರಿಗೆ ತಡೆ. ಫ್ಲುಯಾಕ್ಸೆಟಿನ್, ಪ್ಯಾರಾಕ್ಸೆಟಿನ್, ಬ್ಯುಪ್ರೋಪಿಯಾನ್ ಈ ಗಿರಣಿಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತವೆ. ನಾನು ದಿನಾ ಜೋಳ ಹಾಕುತ್ತಿದ್ದೆ, ಹಿಟ್ಟು ಎಷ್ಟು ಬರುತ್ತಿತ್ತೋ ಯಾರಿಗೆ ಗೊತ್ತು. ಫ್ಲುಯಾಕ್ಸೆಟಿನ್ ಬಿಟ್ಟ ಮೇಲೂ ಕೆಲವು ವಾರ ಮೈಯಲ್ಲಿ ಉಳಿಯುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಟ್ಯಾಮೊಕ್ಸಿಫೆನ್ ಜೊತೆ ಖಿನ್ನತೆಯ ಗುಳಿಗೆ ತೆಗೆದುಕೊಂಡ 2,430 ಹೆಂಗಸರ ದಾಖಲೆ ನೋಡಿ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬಂತು. ಪ್ಯಾರಾಕ್ಸೆಟಿನ್ ಜೊತೆಯಾಗಿದ್ದ ದಿನಗಳು ಹೆಚ್ಚಿದಷ್ಟೂ ಸ್ತನ ಕ್ಯಾನ್ಸರಿನಿಂದ ಸಾವು ಹೆಚ್ಚಾಗಿ ಕಂಡಿತ್ತು. 2016ರಲ್ಲಿ ಬಂದ ಇನ್ನೂ ದೊಡ್ಡ ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೂ, ಗಿರಣಿಗೆ ಕೈ ಹಾಕದ ಬೇರೆ ಗುಳಿಗೆಗಳು ಇರುವಾಗ ಈ ಅಪಾಯ ಏಕೆ, ಎಂಬುದು ಡಾಕ್ಟರ ಮಾತು. ಬೈಯಲಿಲ್ಲ. "ಕ್ಯಾನ್ಸರ್ ಗುಳಿಗಿ ಬಿಟ್ಟಿಲ್ಲ ಅಲ್ರಿ?" ಎಂದಷ್ಟೇ ಕೇಳಿದರು. ಬಿಡುವ ವಿಚಾರ ಆ ವಾರವೇ ಮಾಡಿದ್ದೆ, ಅದನ್ನೂ ಹೇಳಿದೆ. ಆಗ ಅವರು ಪೆನ್ನು ಕೆಳಗಿಟ್ಟರು. ಬಹಳ ಹೆಂಗಸರು ಇಲ್ಲೇ ಎಡವುತ್ತಾರಂತೆ. ತಾಳಲಾರದೆ ಹಾರ್ಮೋನ್ ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ, ಹೇಳುವುದೂ ಇಲ್ಲ. ಧಾರವಾಡಕ್ಕೆ ಚೀಟಿ ಬರೆದುಕೊಟ್ಟರು.

ಧಾರವಾಡ! ಈ ಭಾಗದಲ್ಲಿ ಬೆಳೆದವರಿಗೆ ಆ ಚೀಟಿಯ ಅರ್ಥ ಬೇರೆ ಹೇಳಬೇಕೇ? "ಇವನ್ನ ಧಾರವಾಡಕ್ಕ ಕಳಸ್ರಿ" ಎಂದು ನಗುತ್ತಲೇ ದೊಡ್ಡವರಾದವರು ನಾವು. ನಾನೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ಅಂದಿದ್ದೇನೆ. ಚೀಟಿ ಎರಡು ವಾರ ನನ್ನ ಪರ್ಸಿನಲ್ಲಿತ್ತು. ಆ ಎರಡು ವಾರ ನಾನು ವಿನಯಪಿಟಕ ಓದಿದೆ. ಓದುವ ಚಟ, ಏನು ಮಾಡುವುದು.

ಮಹಾವಗ್ಗದಲ್ಲಿ ಔಷಧಗಳಿಗೇ ಒಂದು ಅಧ್ಯಾಯವಿದೆ, ಭೇಸಜ್ಜಕ್ಖಂಧಕ. ಭಿಕ್ಷುವಿಗೆ ಬೇಕಾದ ನಾಲ್ಕು ವಸ್ತುಗಳಲ್ಲಿ, ಅಂದರೆ ಬಟ್ಟೆ, ಊಟ, ನೆಲೆ ಇವುಗಳ ಜೊತೆಗೆ ನಾಲ್ಕನೆಯದು ರೋಗಿಗೆ ಔಷಧ ಎಂಬುದು ನಿಮಗೆ ಗೊತ್ತು. ಈ ಅಧ್ಯಾಯದಲ್ಲಿ ಪಿಲಿಂದವಚ್ಛ ಎಂಬ ಥೇರರಿಗೆ ವಾತರೋಗ ಬರುತ್ತದೆ. ಎಣ್ಣೆ ಕಾಯಿಸಿ ಕೊಡಬೇಕೆಂದು ವೈದ್ಯರು ಹೇಳುತ್ತಾರೆ, ಆ ಎಣ್ಣೆಗೆ ಮದ್ಯ ಬೆರೆಸಬೇಕು. ಮದ್ಯ! ಭಿಕ್ಷುಗಳು ಬುದ್ಧರನ್ನು ಕೇಳುತ್ತಾರೆ. ಬುದ್ಧರು ಒಪ್ಪಿಗೆ ಕೊಡುತ್ತಾರೆ. ಕಥೆ ಅಲ್ಲಿಗೇ ಮುಗಿದಿದ್ದರೆ ನಮ್ಮ ಓಣಿಯ ಕುಡುಕರೆಲ್ಲ ವಾತರೋಗಿಗಳಾಗುತ್ತಿದ್ದರು. ಮುಂದೆ ಕೆಲವು ಭಿಕ್ಷುಗಳು ಎಣ್ಣೆಗೆ ಮದ್ಯವನ್ನೇ ಹೆಚ್ಚು ಸುರಿದು ಕುಡಿದು ಅಮಲೇರುತ್ತಾರೆ. ಆಗ ಬುದ್ಧರು ಅಳತೆ ಹಾಕುತ್ತಾರೆ: ಮದ್ಯದ ಬಣ್ಣ, ವಾಸನೆ, ರುಚಿ ಯಾವುದೂ ಗೊತ್ತಾಗದಷ್ಟು ಮಾತ್ರ ಬೆರೆಸಿ ಕುಡಿಯಬಹುದು. ಹೆಚ್ಚು ಬಿದ್ದ ಎಣ್ಣೆಯನ್ನು ಚೆಲ್ಲಲೂ ಹೇಳಲಿಲ್ಲ, ಮೈಗೆ ತಿಕ್ಕಲು ಇಟ್ಟುಕೊಳ್ಳಿ ಎಂದರು. ಎಷ್ಟು ಮನೆತನದ ಬುದ್ಧಿ ನೋಡಿ.

ಶೀಲದ ಮಾತಿನಲ್ಲಿ ಸುರಾ, ಮೇರಯ, ಮಜ್ಜ ಎಂದು ಎಣಿಸಿ ಕೊನೆಗೆ ಬರುವ ಪದ 'ಪಮಾದಟ್ಠಾನ'. ಕನ್ನಡದಲ್ಲಿ ಪ್ರಮಾದ ಎಂದರೆ ಬರೀ ತಪ್ಪು ಎಂದಾಗಿದೆ. ಪಾಳಿಯ ಪಮಾದಕ್ಕೆ ಮೈಮರೆವು, ಎಚ್ಚರಗೇಡಿತನ ಎಂಬ ಅರ್ಥ. ಎಚ್ಚರ ತಪ್ಪಿಸುವಂಥದ್ದನ್ನು ಬಿಡಬೇಕು ಎಂಬುದು ಶೀಲ. ಹಾಗಾದರೆ ನನ್ನನ್ನೇ ಕೇಳಿಕೊಂಡೆ. ಎಚ್ಚರ ತಪ್ಪಿದ್ದು ಎಲ್ಲಿ? ಊಟ ಮರೆತದ್ದು, ಮಗಳ ಮಾತು ಕಿವಿಗೆ ಬೀಳದ್ದು, ಸೇತುವೆಯ ಮೇಲೆ ಆ ವಿಚಾರ ಬಂದದ್ದು ಗುಳಿಗೆ ಇಲ್ಲದಾಗ. ಗುಳಿಗೆಯ ವಿಷಯದಲ್ಲಿ ಎಚ್ಚರ ತಪ್ಪಿದ್ದು, ಅದನ್ನು ಬಚ್ಚಲಕೋಣೆಯಲ್ಲಿ ನುಂಗಿ ಡಾಕ್ಟರಿಗೆ ಸುಳ್ಳು ಹೇಳಿದಾಗ.

ಜೀವಕನ ಪ್ರಸಂಗವೂ ಮಹಾವಗ್ಗದಲ್ಲೇ ಇದೆ. ಒಮ್ಮೆ ಬುದ್ಧರ ಮೈ ಕೆಟ್ಟಾಗ ಭೇದಿಯ ಔಷಧ ಬೇಕೆಂದು ಆನಂದರು ಜೀವಕನಿಗೆ ತಿಳಿಸುತ್ತಾರೆ. ಜೀವಕ ಕೂಡಲೇ ಔಷಧ ಕೊಡುವುದಿಲ್ಲ. ಮೊದಲು ಕೆಲವು ದಿನ ಮೈಗೆ ಎಣ್ಣೆ ಸವರಿಸುತ್ತಾನೆ. ಆಮೇಲೆ, ಎಲ್ಲರಿಗೂ ಕೊಡುವ ಒರಟು ಔಷಧ ಇವರಿಗೆ ತಕ್ಕದ್ದಲ್ಲ ಎಂದು ಯೋಚಿಸಿ, ಮೂರು ಹಿಡಿ ನೈದಿಲೆ ಹೂಗಳಿಗೆ ಔಷಧ ಸೇರಿಸಿ ಮೂಸಲು ಕೊಡುತ್ತಾನೆ. ಬುದ್ಧರು ನನಗೆ ಧ್ಯಾನವಿದೆ, ಔಷಧ ಬೇಡ ಎನ್ನಲಿಲ್ಲ. ಜೀವಕನೂ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೂ ಹೊಂದುತ್ತದೆ ಎನ್ನಲಿಲ್ಲ. ನಾನು ಅಲ್ಲಿಯವರೆಗೆ ತೆಗೆದುಕೊಳ್ಳಲೋ ಬೇಡವೋ ಎಂದೇ ಒದ್ದಾಡುತ್ತಿದ್ದೆ. ಯಾವುದು, ಎಷ್ಟು, ಈ ಮೈಗೆ ಹೊಂದುವುದು ಯಾವುದು ಎಂದು ಕೇಳಿಯೇ ಇರಲಿಲ್ಲ.

ಬಾಬಾಸಾಹೇಬರದು ಒಂದು ಮಾತು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆ 1956ರಲ್ಲಿ ಅವರು ಬರೆದು, ಪುಸ್ತಕದಲ್ಲಿ ಅಚ್ಚಾಗದೇ ಉಳಿದ ಮುನ್ನುಡಿಯೊಂದಿದೆ. ಗ್ರಂಥ ಬರೆಯುತ್ತಿದ್ದ ಆ ಐದು ವರ್ಷಗಳಲ್ಲಿ ತಮ್ಮ ಆರೋಗ್ಯ ಎಷ್ಟು ಕೆಟ್ಟಿತೆಂದರೆ, ಡಾಕ್ಟರುಗಳು ತಮ್ಮನ್ನು ಆರಿಹೋಗುತ್ತಿರುವ ದೀಪ ಎಂದು ಮಾತಾಡಿಕೊಳ್ಳುತ್ತಿದ್ದರು ಎಂದು ಅದರಲ್ಲಿ ಹೇಳುತ್ತಾರೆ. ಆ ದೀಪ ಮತ್ತೆ ಹೊತ್ತಿಕೊಂಡದ್ದು ಪತ್ನಿಯ ಮತ್ತು ಡಾಕ್ಟರ್ ಮಾಳ್ವಣಕರರ ವೈದ್ಯಕೀಯ ನೈಪುಣ್ಯದಿಂದ ಎಂದು ಕೃತಜ್ಞತೆ ಸಲ್ಲಿಸುತ್ತಾರೆ. ಸವಿತಾ ಅಂಬೇಡ್ಕರ್ ಡಾಕ್ಟರಾಗಿದ್ದವರು. ಬಾಬಾಸಾಹೇಬರು ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ನಮ್ಮ ಕೈಯಲ್ಲಿರುವ ಧಮ್ಮಗ್ರಂಥ ಪೂರ್ಣವಾಗಿದ್ದು ಔಷಧದ ಆಸರೆಯಿಂದ. ಇನ್ಸುಲಿನ್ನಿಗೆ ಇಲ್ಲದ ನಾಚಿಕೆ ಮನಸ್ಸಿನ ಗುಳಿಗೆಗೆ ಏಕೆ ಬೇಕು?

ಧಾರವಾಡದ ಡಿಮ್ಹಾನ್ಸ್‌ಗೆ ಮನೆಯವರ ಜೊತೆ ಹೋದೆ. ಓಪಿಡಿ ಮುಂದಿನ ಬೆಂಚಿನಲ್ಲಿ ನಮ್ಮಂಥವರೇ ಕೂತಿದ್ದರು. ರೈತರು, ಬಾಣಂತಿಯರು, ಒಬ್ಬ ಕಂಡಕ್ಟರ್. ಡಾಕ್ಟರು ಹೋದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿದರು. ಕೊನೆಯ ಪ್ರಶ್ನೆಗೆ ಸೇತುವೆಯದು ಹೇಳಿದೆ. ಮನೆಯವರು ಪಕ್ಕದಲ್ಲೇ ಇದ್ದರು, ಅವರಿಗೆ ಅದು ಅಂದೇ ಗೊತ್ತಾದದ್ದು. ಟ್ಯಾಮೊಕ್ಸಿಫೆನ್ ಸ್ಟ್ರಿಪ್, ಬೆಳಗಾವಿಯ ಚೀಟಿ ಎರಡನ್ನೂ ನೋಡಿ ವೆನ್ಲಾಫ್ಯಾಕ್ಸಿನ್ ಎಂಬುದನ್ನು 37.5 ಮಿಲಿಗ್ರಾಂನಿಂದ ಶುರು ಮಾಡಿದರು. ಅದು ಆ ಗಿರಣಿಗೆ ಹೆಚ್ಚು ಅಡ್ಡ ಬರುವುದಿಲ್ಲ. ಇನ್ನೊಂದು ಉಪಕಾರವೂ ಇದೆ, ಮೈಬೆಂಕಿಯನ್ನು ತಗ್ಗಿಸುತ್ತದೆ. ಸ್ತನ ಕ್ಯಾನ್ಸರ್ ಆದವರಲ್ಲೇ ಅದನ್ನು ಪರೀಕ್ಷಿಸಿ 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅಮಲು ಬರುವುದಿಲ್ಲ. ದಿನ ಕಳೆದಂತೆ ಹೆಚ್ಚು ಹೆಚ್ಚು ಬೇಕೆನ್ನಿಸುವ ಚಟವೂ ಅಲ್ಲ. ಆದರೆ ಒಮ್ಮೆಲೇ ಬಿಟ್ಟರೆ ತಲೆ ತಿರುಗುತ್ತದೆ, ಬಿಡುವುದಿದ್ದರೆ ಡಾಕ್ಟರು ಹೇಳಿದಂತೆ ಇಳಿಸುತ್ತ ಬಿಡಬೇಕು. ಬಿ.ಪಿ. ನೋಡಿಸಿಕೊಳ್ಳುತ್ತಿರಬೇಕು. ದಯವಿಟ್ಟು ನಾನು ಬರೆದ ಹೆಸರು ನೋಡಿ ಅಂಗಡಿಯಲ್ಲಿ ಕೇಳಬೇಡಿ. ನಾನು ಮಾಡಿದ್ದೇ ಸಾಕು.

ಪವಾಡವೇನೂ ಆಗಲಿಲ್ಲ. ಮೊದಲ ವಾರ ಓಕರಿಕೆ, ಬಾಯಿ ಒಣಗುವುದು. ಎರಡನೆಯ ವಾರ, ಇದೂ ಸುಳ್ಳು ಎಂದುಕೊಂಡೆ. ನಾಲ್ಕನೆಯ ವಾರ ಒಂದು ರಾತ್ರಿ ಐದು ತಾಸು ನಿದ್ದೆ ಬಂತು. ಮರುದಿನ ತರಗತಿಯಲ್ಲಿ ಒಬ್ಬ ಹುಡುಗ ಏನೋ ಅಂದದ್ದಕ್ಕೆ ನಕ್ಕೆ, ಹುಡುಗರೆಲ್ಲ ತಿರುಗಿ ನೋಡಿದರು. ಈಗ ಉಸಿರು ನೋಡಲು ಕೂತರೆ ಉಸಿರು ಕಾಣುತ್ತದೆ, ಹತ್ತು ನಿಮಿಷವಾದರೂ. ಮೈಬೆಂಕಿ ಪೂರ್ತಿ ಹೋಗಿಲ್ಲ. ಭಯವೂ ಇದೆ. ಟ್ಯಾಮೊಕ್ಸಿಫೆನ್ ಒಂದು ದಿನವೂ ತಪ್ಪಿಸಿಲ್ಲ.

ಎಲ್ಲರೂ ಗುಳಿಗೆ ತೆಗೆದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ರಾಮದುರ್ಗದ ನಮ್ಮ ಒಬ್ಬ ಅಕ್ಕ ಇದೇ ರೋಗಕ್ಕೆ ಲೆಟ್ರೋಜೋಲ್ ತೆಗೆದುಕೊಳ್ಳುತ್ತಾಳೆ, ಮುಟ್ಟು ನಿಂತವರಿಗೆ ಕೊಡುವ ಬೇರೆ ಬಗೆಯ ಹಾರ್ಮೋನ್ ಗುಳಿಗೆ ಅದು. ಅದಕ್ಕೆ ಈ ಗಿರಣಿಯ ತೊಡಕಿಲ್ಲ. ಅವಳಿಗೂ ಮನಸ್ಸು ಕುಗ್ಗಿತ್ತು. ಡಾಕ್ಟರ ಜೊತೆ ಮಾತಾಡಿ, ಸದ್ಯ ಬೇಡ ಎಂದಳು. ಆಪ್ತಸಮಾಲೋಚಕರ ಹತ್ತಿರ ಹೋದಳು, ಸಂಜೆ ನಡಿಗೆ ಹಿಡಿದಳು, ಮಗ್ಗದ ಕೆಲಸಕ್ಕೆ ಮರಳಿದಳು, ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾಳೆ. ಅವಳಿಗೆ ಸಾಕಾಯಿತು. ಅವಳು ಹೆಚ್ಚು ಬೌದ್ಧಳೂ ಅಲ್ಲ, ನಾನು ಕಡಿಮೆಯೂ ಅಲ್ಲ. ಅವಳ ಮೈ ಬೇರೆ, ನನ್ನದು ಬೇರೆ. ಇಬ್ಬರೂ ಏನನ್ನೂ ಮುಚ್ಚಿಡದೆ ಡಾಕ್ಟರಿಗೆ ಹೇಳಿದೆವು.

ಆ ಹಿರಿಯ ಉಪಾಸಕರಿಗೂ ಇದನ್ನೆಲ್ಲ ಹೇಳಿದೆ. ಪಿಲಿಂದವಚ್ಛರ ಕಥೆ ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸೊಸಿಗೂ ಹೆರಿಗಿ ಆದಮ್ಯಾಲೆ ಹಿಂಗ ಆಗೇತ್ರಿ ಅಕ್ಕೋರ. ಧಾರವಾಡದಾಗ ಯಾವ ದಿನ ಹೋಗಬೇಕು?" ಎಂದರು. ದೂರ ಆಗುವವರಿಗೆ ತಾಲೂಕು ಆಸ್ಪತ್ರೆಯಲ್ಲೂ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ರಾತ್ರಿ ಹೊತ್ತು ತಡೆಯದಂತಾದರೆ ಟೆಲಿ ಮಾನಸ್ 14416. ಹಣ ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ, ದಿನದ ಯಾವ ಹೊತ್ತಿಗಾದರೂ.

ಅವ್ವ ಹೋದ ಹುಣ್ಣಿಮೆಗೂ ಗುಡ್ಡಕ್ಕೆ ಹೋಗಿ ಬಂದಳು. ಭಂಡಾರ ತಂದಿದ್ದಳು, ನಾನು ಹಚ್ಚಿಕೊಳ್ಳಲಿಲ್ಲ, ಅವಳೂ ಒತ್ತಾಯ ಮಾಡಲಿಲ್ಲ. ರಾತ್ರಿ ಊಟ ಆದ ಮೇಲೆ ತಾನೇ ನೀರಿನ ತಂಬಿಗೆ ತಂದಿಟ್ಟು, "ಎರಡೂ ಗುಳಿಗಿ ತಗೊಂಡ್ಯಾ?" ಎಂದಳು.

ಬರುವ ರವಿವಾರ ವಂದನೆ ಮುಗಿದ ಮೇಲೆ ಒಂದು ತಾಸು ಇದೇ ವಿಷಯ ಕೂತು ಮಾತಾಡೋಣ. ಯಾವುದೇ ಔಷಧ ತೆಗೆದುಕೊಳ್ಳುತ್ತಿರುವವರು ನಿಮ್ಮ ಚೀಟಿ ಜೊತೆಗೆ ತನ್ನಿ. ಹೆಣ್ಣುಮಕ್ಕಳು ಬೇಕಾದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ.

ನಮೋ ಬುದ್ಧಾಯ. ಜೈ ಭೀಮ್.